ಕರಿಕಲ್ಲಿನ ಹೊಟ್ಟೆಯ ನೀಲಿ: ಕ್ಯಾವನ್ಸೈಟ್ ಎಂಬ ಹರಳಿನ ಕಥೆ

(ವಿಜಯಪುರ ಜಿಲ್ಲೆಯ ಒಂದು ಹಳ್ಳಿಯ ಶಾಲೆಯಲ್ಲಿ ಮಕ್ಕಳು ಮತ್ತು ಊರಿನವರ ಮುಂದೆ ಆಡಿದ ಮಾತುಗಳ ಬರಹ ರೂಪ. ಅಲ್ಲಿ ಕೈಯಲ್ಲಿ ಹಿಡಿದು ತೋರಿಸಿದ್ದನ್ನು ಇಲ್ಲಿ ಮಾತಿನಲ್ಲಿ ಹೇಳಬೇಕಾಗಿದೆ. ಹಾಗಾಗಿ ಕೆಲವು ಕಡೆ ಸ್ವಲ್ಪ ಬಿಡಿಸಿ ಬರೆದಿದ್ದೇನೆ.)

"ಸರ, ಇದು ಮೈಲುತುತ್ತ ಅಲ್ರೀ?"

ಡಬ್ಬಿಯ ಮುಚ್ಚಳ ತೆಗೆದ ಕೂಡಲೇ ಮುಂದಿನ ಸಾಲಿನಲ್ಲಿ ಕೂತಿದ್ದ ಅಜ್ಜ ಕೇಳಿದರು. ಅವರು ಕೇಳಿದ್ದು ಸರಿಯಾಗೇ ಇದೆ. ದ್ರಾಕ್ಷಿ ಬೆಳೆಯುವ ಊರಿದು. ಬೋರ್ಡೋ ದ್ರಾವಣಕ್ಕೆ ಸುಣ್ಣದ ಜೊತೆ ಮೈಲುತುತ್ತ ಕಲಸಿ ಕಲಸಿ ಇಲ್ಲಿನವರ ಕೈಗೆ ಆ ನೀಲಿ ಚೆನ್ನಾಗಿ ಗೊತ್ತು. ನಾನು ತಂದಿದ್ದ ಕಲ್ಲಿನ ಮೇಲೂ ಹೆಚ್ಚುಕಡಿಮೆ ಅಂಥದೇ ನೀಲಿ ಕೂತಿತ್ತು.

ನಾನು ಡ್ರಾಪರ್‌ನಿಂದ ಎರಡು ಹನಿ ನೀರು ಹಾಕಿದೆ. ಮೈಲುತುತ್ತವಾಗಿದ್ದರೆ ನೀರು ನೀಲಿಯಾಗಬೇಕಿತ್ತು. ಆಗಲಿಲ್ಲ. ಹನಿ ತಿಳಿಯಾಗೇ ಜಾರಿ ಕೆಳಗಿನ ಬಿಳಿ ಹರಳಿನ ಮೇಲೆ ನಿಂತಿತು. ಆಮೇಲೆ ಕಲ್ಲನ್ನು ಅಜ್ಜನ ಕೈಗೆ ಕೊಟ್ಟು, ಜೊತೆಗೆ ಭೂತಗನ್ನಡಿಯನ್ನೂ ಕೊಟ್ಟೆ. ಅವರು ಕಣ್ಣಿಗೆ ಹತ್ತಿರ ಹಿಡಿದು ಸುಮಾರು ಹೊತ್ತು ನೋಡಿದರು.

ಅವರಿಗೆ ಕಂಡಿದ್ದು ಇಷ್ಟು. ತಳದಲ್ಲಿ ನಮ್ಮ ಬಾವಿಯಲ್ಲಿ ಸಿಗುವಂಥದ್ದೇ ಕರಿಕಲ್ಲು, ಎರಡು ಬೆರಳು ದಪ್ಪ. ಅದರ ಮೇಲೆ ಬಿಳಿ ಹರಳುಗಳ ಹಾಸು. ಒಂದೊಂದು ಹರಳೂ ನಡುವೆ ಕಟ್ಟಿ ಎರಡೂ ತುದಿ ಬಿಚ್ಚಿಕೊಂಡ ಜೋಳದ ಸಿವುಡಿನ ಹಾಗೆ. ಆ ಬಿಳಿಯ ಮೇಲೆ ಮೂರು ನೀಲಿ ಉಂಡೆ. ಒಂದು ಕಡಲೆಕಾಳಿನಷ್ಟು, ಎರಡು ಸಣ್ಣ ಅಡಿಕೆಯಷ್ಟು. ಬರಿಗಣ್ಣಿಗೆ ಉಂಡೆ. ಭೂತಗನ್ನಡಿಯಲ್ಲಿ ನೋಡಿದರೆ ಅದು ಕದಂಬದ ಹೂವು. ನಡುವಿನಿಂದ ಎಲ್ಲಾ ದಿಕ್ಕಿಗೂ ಸೂಜಿಗಳು ಚಾಚಿಕೊಂಡಿವೆ. ಪ್ರತಿ ಸೂಜಿಯ ತುದಿಯೂ ಒಂದು ಪುಟ್ಟ ಗಾಜಿನ ಚೂರಿನಂತೆ ಹೊಳೆಯುತ್ತದೆ. ಶಂಖಪುಷ್ಪದ ನೀಲಿಗೆ ನವಿಲಿನ ಕತ್ತಿನ ಹೊಳಪು ಸೇರಿಸಿದರೆ ಹೇಗೋ ಹಾಗೆ.

ಈ ಹರಳಿನ ಹೆಸರು ಕ್ಯಾವನ್ಸೈಟ್. ಕ್ಯಾಲ್ಸಿಯಂನ 'ಕ್ಯಾ', ವನೇಡಿಯಂನ 'ವನ್', ಸಿಲಿಕೇಟ್‌ನ 'ಸಿ' ಸೇರಿಸಿ ಕಟ್ಟಿದ ಹೆಸರು. ಅಮೆರಿಕದ ಆರೆಗಾನ್ ರಾಜ್ಯದ ಎರಡು ಜಾಗಗಳಲ್ಲಿ ಇದು ಮೊದಲು ಸಿಕ್ಕಿತು. ಒಂದು ಅವೈಹೀ ಅಣೆಕಟ್ಟಿನ ಹತ್ತಿರ, ಇನ್ನೊಂದು ಗೋಬಲ್ ಎಂಬ ಊರಿನ ಹತ್ತಿರದ ಕಲ್ಲಿನ ಕ್ವಾರಿಯಲ್ಲಿ. 1973ರಲ್ಲಿ ಸ್ಟೇಪಲ್ಸ್, ಎವಾನ್ಸ್ ಮತ್ತು ಲಿಂಡ್ಸೆ ಎಂಬ ಮೂವರು ವಿಜ್ಞಾನಿಗಳು ಇದನ್ನು ಹೊಸ ಖನಿಜ ಎಂದು ಪ್ರಕಟಿಸಿದರು. ಆದರೆ ಅಲ್ಲಿ ಸಿಕ್ಕಿದ್ದು ತೀರಾ ಸಣ್ಣದು, ತೀರಾ ಸ್ವಲ್ಪ. ನ್ಯೂಜಿಲ್ಯಾಂಡ್, ಬ್ರೆಜಿಲ್ ಕಡೆ ಒಂದೆರಡು ಜಾಗದಲ್ಲಿ ಚೂರುಪಾರು ಸಿಕ್ಕಿದೆ. ಜಗತ್ತಿನ ಸಂಗ್ರಹಾಲಯಗಳಲ್ಲಿ ನೀವು ನೋಡುವ ದೊಡ್ಡ, ಅಂದದ ಕ್ಯಾವನ್ಸೈಟ್ ಬಂದಿದ್ದು ಹೆಚ್ಚುಕಡಿಮೆ ಎಲ್ಲಾ ಒಂದೇ ಊರಿನಿಂದ. ಅದು ಪುಣೆಯ ಪಕ್ಕದ ವಾಘೋಲಿ, ಅಹ್ಮದ್‌ನಗರಕ್ಕೆ (ಈಗಿನ ಅಹಿಲ್ಯಾನಗರ) ಹೋಗುವ ರಸ್ತೆಯಲ್ಲಿದೆ. ನಿಮ್ಮಲ್ಲಿ ಎಷ್ಟೋ ಮನೆಯವರು ಕೆಲಸಕ್ಕೆ ಅಂತ ಪುಣೆಗೆ ಹೋಗಿದ್ದೀರಿ. ವಾಘೋಲಿ ಬಸ್ ಹತ್ತಿದವರೂ ಇಲ್ಲಿ ಇರಬಹುದು.

ಅಲ್ಲಿರುವುದು ನಮ್ಮ ಕಾಲ ಕೆಳಗಿನದೇ ಕಲ್ಲು. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭಾರತದ ಪಶ್ಚಿಮ ಭಾಗದಲ್ಲಿ ನೆಲ ಬಿರಿದು ಲಾವಾ ಉಕ್ಕಿತು. ಒಂದೇ ಸಲ ಅಲ್ಲ, ಅಲೆ ಅಲೆಯಾಗಿ. ಒಂದು ಪದರ ಆರಿದ ಮೇಲೆ ಇನ್ನೊಂದು ಪದರ. ಇವತ್ತಿಗೂ ಸುಮಾರು 5 ಲಕ್ಷ ಚದರ ಕಿಲೋಮೀಟರ್ ನೆಲ ಈ ಕಲ್ಲಿನಿಂದ ಮುಚ್ಚಿದೆ. ಮಹಾರಾಷ್ಟ್ರದ ಬಹುಪಾಲು ಇದೇ ಕಲ್ಲು. ನಮ್ಮ ಕಡೆ ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್‌ವರೆಗೆ ಅದರ ಅಂಚು ಬಂದಿದೆ. ಇದಕ್ಕೆ ದಖನ್ ಟ್ರ್ಯಾಪ್ ಅಂತ ಹೆಸರು. ಸ್ವೀಡನ್ ಭಾಷೆಯಲ್ಲಿ ಟ್ರಾಪ್ಪಾ ಅಂದರೆ ಮೆಟ್ಟಿಲು. ಘಟ್ಟದ ಗುಡ್ಡಗಳನ್ನು ದೂರದಿಂದ ನೋಡಿದರೆ ಪದರ ಪದರವಾಗಿ ಮೆಟ್ಟಿಲಿನಂತೆ ಕಾಣುತ್ತವೆ ಅಲ್ವಾ, ಅದಕ್ಕೇ. ರಾಷ್ಟ್ರಕೂಟರ ಕಾಲದಲ್ಲಿ ಎಲ್ಲೋರದ ಕೈಲಾಸ ದೇವಾಲಯ ಕಡೆದಿದ್ದು ಈ ಕಲ್ಲಿನಲ್ಲಿ. ಗೋಳಗುಮ್ಮಟದ ಗೋಡೆಯೂ ಈ ಕಲ್ಲೇ. ನಿಮ್ಮ ಹೊಲದ ಎರೆಮಣ್ಣು ಕೂಡ ಇದೇ ಕಲ್ಲು ಸವೆದು ಆದದ್ದು.

ಇನ್ನು ದೋಸೆಯನ್ನು ನೆನಪು ಮಾಡಿಕೊಳ್ಳಿ. ಹಂಚಿನ ಮೇಲೆ ಹಿಟ್ಟು ಹೊಯ್ದಾಗ ಮೇಲ್ಭಾಗದಲ್ಲಿ ಗುಳ್ಳೆ ಎದ್ದು ತೂತು ಬೀಳುತ್ತವೆ. ಲಾವಾದಲ್ಲೂ ಹಾಗೆಯೇ. ಒಳಗಿನ ಗಾಳಿ ಮೇಲೆ ಬರುತ್ತದೆ. ಅಷ್ಟರಲ್ಲಿ ಲಾವಾ ಗಟ್ಟಿಯಾಗಿ ಗುಳ್ಳೆ ಒಳಗೇ ಉಳಿದುಬಿಡುತ್ತದೆ. ಅದಕ್ಕೇ ಪ್ರತಿ ಲಾವಾ ಪದರದ ಮೇಲ್ಭಾಗದಲ್ಲಿ ಪೊಟರೆಗಳು ಜಾಸ್ತಿ. ಕೆಲವು ಕಡೆ ಲಾವಾ ಹರಿಯುತ್ತಾ ಒಡೆದು, ಚೂರುಗಳೆಲ್ಲ ಮತ್ತೆ ಬೆಸೆದುಕೊಂಡು ಕಲ್ಲಾಗಿದೆ. ಆ ಚೂರುಗಳ ನಡುವೆಯೂ ಸಂದು ಉಳಿದಿವೆ. ವಾಘೋಲಿಯಲ್ಲಿ ನೀಲಿ ಹೆಚ್ಚಾಗಿ ಸಿಕ್ಕಿದ್ದು ಇಂಥ ಒಡೆದು ಬೆಸೆದ ಕಲ್ಲಿನ ಸಂದುಗಳಲ್ಲೇ.

ಪೊಟರೆ ಮೊದಲು ಖಾಲಿ. ಕಾಲ ಸರಿದಂತೆ ಬಿಸಿನೀರು ಈ ಕಲ್ಲಿನ ಬಿರುಕುಗಳಲ್ಲಿ ಓಡಾಡುತ್ತದೆ. ಓಡಾಡುವಾಗ ಕಲ್ಲನ್ನು ಸ್ವಲ್ಪ ಸ್ವಲ್ಪವೇ ಕರಗಿಸುತ್ತದೆ. ಸಿಲಿಕಾ, ಕ್ಯಾಲ್ಸಿಯಂ, ಅಲ್ಯೂಮಿನಿಯಂ ಎಲ್ಲಾ ನೀರಿಗೆ ಸೇರುತ್ತವೆ. ಆ ನೀರು ಪೊಟರೆಗೆ ಬಂದು ತಣ್ಣಗಾಗುವಾಗ ಹೊತ್ತು ತಂದದ್ದನ್ನು ಗೋಡೆಗೆ ಅಂಟಿಸಿ ಹೋಗುತ್ತದೆ. ನಿಮ್ಮ ಮನೆಯ ನೀರು ಕಾಯಿಸುವ ಹಂಡೆಯ ಒಳಗೆ ಬಿಳಿ ಪದರ ಕಟ್ಟುವುದಿಲ್ಲವೇ, ಹಾಗೆ. ಆದರೆ ಇಲ್ಲಿ ಅವಸರ ಇಲ್ಲ. ಅದಕ್ಕೇ ಹೊಪ್ಪಳೆಯ ಬದಲು ಹರಳು ಬೆಳೆಯುತ್ತದೆ.

ಹೀಗೆ ಬೆಳೆಯುವ ಹರಳುಗಳಲ್ಲಿ ದೊಡ್ಡ ಬಳಗ ಝಿಯೊಲೈಟ್‌ಗಳದ್ದು. ನಾನು ಸಿವುಡು ಅಂತ ಹೇಳಿದ ಬಿಳಿ ಹರಳು ಸ್ಟಿಲ್ಬೈಟ್, ಅದೂ ಝಿಯೊಲೈಟೇ. 1756ರಲ್ಲಿ ಸ್ವೀಡನ್ನಿನ ಕ್ರೋನ್‌ಸ್ಟೆಡ್ ಎಂಬುವರು ಇಂಥ ಒಂದು ಕಲ್ಲನ್ನು ಉರಿಯಲ್ಲಿ ಕಾಯಿಸಿದಾಗ ಅದು ನೊರೆ ಬಂದ ಹಾಗೆ ಉಬ್ಬಿತು. ಗ್ರೀಕ್ ಭಾಷೆಯ ಪದ ಸೇರಿಸಿ 'ಕುದಿಯುವ ಕಲ್ಲು' ಎಂಬ ಅರ್ಥದಲ್ಲಿ ಝಿಯೊಲೈಟ್ ಅಂತ ಹೆಸರಿಟ್ಟರು. ಮಕ್ಕಳ ಮುಂದೆ ಒಂದು ಮುರಿದ ಸ್ಟಿಲ್ಬೈಟ್ ಚೂರನ್ನು ಗಾಜಿನ ನಳಿಗೆಯಲ್ಲಿ ಹಾಕಿ ಸ್ಪಿರಿಟ್ ದೀಪದ ಮೇಲೆ ಹಿಡಿದೆ. ಮೊದಲು ಅದು ಹಾಲಿನಂತೆ ಮಬ್ಬಾಯಿತು. ಆಮೇಲೆ ನಳಿಗೆಯ ಬಾಯಿಯ ಹತ್ತಿರ, ತಣ್ಣಗಿದ್ದ ಗಾಜಿನ ಮೇಲೆ, ಸಣ್ಣ ಸಣ್ಣ ನೀರಿನ ಹನಿ ಮೂಡಿದವು. "ಕಲ್ಲಿನಾಗ ನೀರ್ ಎಲ್ಲಿಂದ ಬಂತ್ರೀ?" ಅಂತ ಒಬ್ಬ ಹುಡುಗ ಎದ್ದು ನಿಂತ. ಹರಳಿನ ಕಟ್ಟಡದ ಒಳಗೇ ಕೋಣೆಗಳಿವೆ ತಮ್ಮಾ, ಆ ಕೋಣೆಗಳಲ್ಲಿ ನೀರಿನ ಅಣುಗಳು ವಾಸ ಮಾಡಿವೆ. ಬಿಸಿ ತಾಗಿದರೆ ಹೊರಗೆ ಬರುತ್ತವೆ.

ಕ್ಯಾವನ್ಸೈಟ್‌ನಲ್ಲೂ ಹೀಗೆ ನೀರಿದೆ. ತೂಕದಲ್ಲಿ ನೂರಕ್ಕೆ 16 ಭಾಗ ನೀರೇ. 53 ಭಾಗ ಸಿಲಿಕಾ, ಉಳಿದದ್ದು ವನೇಡಿಯಂ ಮತ್ತು ಕ್ಯಾಲ್ಸಿಯಂನ ಆಕ್ಸೈಡ್‌ಗಳು. ಆದರೆ ಅಲ್ಯೂಮಿನಿಯಂ ಇಲ್ಲ, ಒಳಗಿನ ಕಟ್ಟಡವೂ ಬೇರೆ. ಹಾಗಾಗಿ ಇದು ಝಿಯೊಲೈಟ್ ಬಳಗಕ್ಕೆ ಸೇರುವುದಿಲ್ಲ. ಝಿಯೊಲೈಟ್‌ಗಳ ಓಣಿಯಲ್ಲಿ ಮನೆ ಮಾಡಿಕೊಂಡ ಬೇರೆ ಮನೆತನದವನು ಇವನು.

ಇದರ ಒಳಗಿನ ಕಟ್ಟಡವನ್ನು ಚುಕ್ಕಿ ರಂಗೋಲಿಯಿಂದ ತೋರಿಸಿದೆ. ಸಿಲಿಕಾನ್ ಒಂದು, ಅದರ ಸುತ್ತ ನಾಲ್ಕು ಆಮ್ಲಜನಕ. ಇದು ಒಂದು ಚುಕ್ಕಿ ಅಂದುಕೊಳ್ಳಿ. ಕ್ಯಾವನ್ಸೈಟ್‌ನಲ್ಲಿ ಈ ಚುಕ್ಕಿಗಳು ನಾಲ್ಕರ ಉಂಗುರ, ಎಂಟರ ಉಂಗುರ ಆಗಿ ಸೇರಿ ಹಾಳೆಯಂತೆ ಹರಡಿವೆ. ಹಾಳೆ ಹಾಳೆಗಳ ನಡುವೆ ವನೇಡಿಯಂ ಕೊಂಡಿಯಾಗಿ ನಿಂತಿದೆ. ಕ್ಯಾಲ್ಸಿಯಂ ಮತ್ತು ನೀರು ಸಂದಿನಲ್ಲಿವೆ. ಇದೇ ಚುಕ್ಕಿಗಳನ್ನು ಆರರ ಉಂಗುರವಾಗಿ ಸೇರಿಸಿದರೆ ಬೇರೆಯೇ ಖನಿಜ ಆಗುತ್ತದೆ. ಅದರ ಹೆಸರು ಪೆಂಟಗೊನೈಟ್. ಅದೇ ಸಾಮಾನು, ಅದೇ ಲೆಕ್ಕ, ಬಣ್ಣವೂ ಹೆಚ್ಚುಕಡಿಮೆ ಅದೇ. ರಂಗೋಲಿ ಮಾತ್ರ ಬೇರೆ. ಆರರ ಉಂಗುರ ಇದ್ದರೂ ಹೆಸರಿನಲ್ಲಿ ಐದು ಯಾಕೆ ಅಂತ ಒಬ್ಬ ಹುಡುಗಿ ಕೇಳಿದಳು. ಆ ಹರಳುಗಳು ಒಂದಕ್ಕೊಂದು ಅಂಟಿ ಐದು ಮೂಲೆಯ ನಕ್ಷತ್ರದಂತೆ ಬೆಳೆಯುತ್ತವೆ, ಅದಕ್ಕೇ ಆ ಹೆಸರು. ಪೆಂಟಗೊನೈಟ್ ಕೂಡ ವಾಘೋಲಿಯಲ್ಲಿ ಸಿಕ್ಕಿದೆ. ಕ್ಯಾವನ್ಸೈಟ್‌ಗಿಂತ ಅದು ಇನ್ನೂ ಅಪರೂಪ. ಉಂಡೆಗಿಂತ ಚೂಪು ಸೂಜಿಗಳ ಗೊಂಚಲಾಗಿರುವುದೇ ಹೆಚ್ಚು.

ಇನ್ನು ನೀಲಿ. ನೀಲಿ ಕೊಟ್ಟಿದ್ದು ವನೇಡಿಯಂ. ಈ ಲೋಹಕ್ಕೆ ಹೆಸರು ಬಂದಿದ್ದೇ ಬಣ್ಣಗಳಿಂದ. 1830ರಲ್ಲಿ ಸ್ವೀಡನ್ನಿನ ಸೆಫ್‌ಸ್ಟ್ರೋಮ್ ಇದನ್ನು ಗುರುತಿಸಿದಾಗ, ಇದರ ಲವಣಗಳ ಬಣ್ಣದ ಚೆಲುವು ನೋಡಿ ಉತ್ತರ ದೇಶದವರ ಸೌಂದರ್ಯ ದೇವತೆ ವನಾಡಿಸ್ ಹೆಸರಿಟ್ಟರು. ನಾನು ಕಾಲೇಜಿನಲ್ಲಿ ಪಾಠ ಮಾಡುವಾಗ ಪ್ರತಿ ವರ್ಷ ಒಂದು ಪ್ರಯೋಗ ತೋರಿಸುತ್ತಿದ್ದೆ. ಆಮ್ಲದಲ್ಲಿ ಕರಗಿಸಿದ ವನೇಡಿಯಂ ಲವಣ ಹಳದಿ ಇರುತ್ತದೆ. ಅದಕ್ಕೆ ಸತುವಿನ ಚೂರು ಹಾಕಿ ಅಲ್ಲಾಡಿಸುತ್ತಾ ಹೋದರೆ ನೀಲಿ, ಆಮೇಲೆ ಹಸಿರು, ಕೊನೆಗೆ ನೇರಳೆ. ಒಂದೇ ಲೋಹ, ಎಲೆಕ್ಟ್ರಾನ್ ಲೆಕ್ಕ ಬದಲಾದಂತೆ ನಾಲ್ಕು ಬಣ್ಣ. ನೀಲಿ ಬರುವುದು ನಡುವಿನ ಒಂದು ಹಂತದಲ್ಲಿ, ವನೇಡಿಯಂ ನಾಲ್ಕು ಎಲೆಕ್ಟ್ರಾನ್ ಕಳೆದುಕೊಂಡಾಗ.

ಕ್ಯಾವನ್ಸೈಟ್ ಯಾಕೆ ಅಪರೂಪ ಎಂಬುದಕ್ಕೆ ಉತ್ತರ ಇಲ್ಲೇ ಇದೆ. ಕರಿಕಲ್ಲಿನಲ್ಲಿ ವನೇಡಿಯಂ ಇದೆ, ಆದರೆ ಹತ್ತು ಲಕ್ಷ ಭಾಗದಲ್ಲಿ ಕೆಲವು ನೂರು ಭಾಗ ಮಾತ್ರ. ಅದೂ ಕಬ್ಬಿಣದ ಅದಿರಿನ ಕಣಗಳೊಳಗೆ ಅಡಗಿ ಕೂತಿರುತ್ತದೆ. ಬಿಸಿನೀರು ಅದನ್ನು ಬಿಡಿಸಿ ತರಬೇಕು. ತರುವಾಗ ಆಮ್ಲಜನಕ ತೀರಾ ಕಡಿಮೆ ಇದ್ದರೆ ವನೇಡಿಯಂ ಆ ಕಣದಿಂದ ಏಳುವುದೇ ಇಲ್ಲ. ಜಾಸ್ತಿ ಇದ್ದರೆ ಹಳದಿಯ ಹಂತಕ್ಕೆ ಹೋಗಿ ಬೇರೆ ಯಾವುದೋ ಖನಿಜ ಆಗಿಬಿಡುತ್ತದೆ. ನಡುವಿನ ಆ ಹದ ಸಿಗಬೇಕು. ಅದೇ ಹೊತ್ತಿಗೆ ನೀರಿನಲ್ಲಿ ಕ್ಯಾಲ್ಸಿಯಂ ಇರಬೇಕು, ಸಿಲಿಕಾ ಇರಬೇಕು, ಬೆಳೆಯಲು ಖಾಲಿ ಜಾಗವೂ ಉಳಿದಿರಬೇಕು. ಸಾವಿರಾರು ಪೊಟರೆಗಳಲ್ಲಿ ಸ್ಟಿಲ್ಬೈಟ್ ಬರುತ್ತದೆ. ಇಷ್ಟೆಲ್ಲಾ ಕೂಡಿ ಬರುವ ಪೊಟರೆ ಎಲ್ಲೋ ಒಂದು.

ನನ್ನ ಕಲ್ಲಿನಲ್ಲಿ ನೀಲಿ ಉಂಡೆ ಸ್ಟಿಲ್ಬೈಟ್‌ನ ಮೇಲೆ ಕೂತಿದೆ. ಅಂದರೆ ಬಿಳಿ ಮೊದಲು ಬೆಳೆಯಿತು, ನೀಲಿ ಆಮೇಲೆ ಬಂತು. ವನೇಡಿಯಂ ಹೊತ್ತ ನೀರು ಆ ಪೊಟರೆಗೆ ತಡವಾಗಿ ಬಂದಿದೆ. ಇದನ್ನು ಯಾವ ಯಂತ್ರದಿಂದಲೂ ಅಳೆದಿಲ್ಲ. ಯಾವುದರ ಮೇಲೆ ಯಾವುದು ಕೂತಿದೆ ಅಂತ ನೋಡಿದರೇ ಸಾಕು, ತಿಳಿಯುತ್ತದೆ. ಇಲ್ಲಿ ನನಗೆ ನನ್ನದೇ ಒಂದು ತಪ್ಪು ನೆನಪಾಗುತ್ತದೆ. ಈ ಮಾತು ಆಡಲು ಬಂದಿದ್ದೇ ಅದಕ್ಕೆ ಅಂದರೂ ಸರಿ.

ಪುಣೆಯಲ್ಲಿ ಓದುತ್ತಿದ್ದ ಕಾಲ. ವಾಘೋಲಿಯ ಕ್ವಾರಿಗಳಲ್ಲಿ ಕಲ್ಲು ಒಡೆದು ಕ್ರಷರ್‌ಗೆ ಹಾಕಿ ಜಲ್ಲಿ ಮಾಡುತ್ತಿದ್ದರು. ಪುಣೆಯ ರಸ್ತೆಗೂ ಕಟ್ಟಡಕ್ಕೂ ಅದೇ ಜಲ್ಲಿ. 1980ರ ದಶಕದ ಕೊನೆಯಲ್ಲಿ ಅಲ್ಲಿನ ನೀಲಿ ಹೊರದೇಶದ ಸಂಗ್ರಾಹಕರ ಕಣ್ಣಿಗೆ ಬಿದ್ದಿತ್ತು. ಅಮೆರಿಕದ ಟೂಸಾನ್‌ನಲ್ಲಿ ಪ್ರತಿ ವರ್ಷ ನಡೆಯುವ ಹರಳಿನ ಮೇಳದಲ್ಲಿ ವಾಘೋಲಿ ಎಂಬ ಹೆಸರು ಬಾಯಿಂದ ಬಾಯಿಗೆ ಹೋಗಿತ್ತು. ನಾನು ಬಸ್ ಹಿಡಿದು ಹೋದೆ. ಅಲ್ಲಿ ಕಲ್ಲು ಒಡೆಯುತ್ತಿದ್ದ ಒಬ್ಬರು ನನ್ನ ಮಾತಿನ ಧಾಟಿ ಕೇಳಿ ಕನ್ನಡದಲ್ಲೇ "ಯಾವೂರ್ರೀ?" ಅಂದರು. ಅವರು ಸಿಂದಗಿ ಕಡೆಯವರು. ಹಳೇ ಪೇಪರಿನಲ್ಲಿ ಸುತ್ತಿಟ್ಟಿದ್ದ ಒಂದು ಕಲ್ಲು ತೆಗೆದು ಕೊಟ್ಟರು. ಕರಿಕಲ್ಲು, ಬಿಳಿ ಹರಳು, ಮೇಲೆ ಎರಡು ನೀಲಿ ಉಂಡೆ. ಕೊಡುವಾಗ ಒಂದೇ ಮಾತು ಹೇಳಿದರು: "ಬಿಳೀದು ತೆಗೀಬ್ಯಾಡ್ರಿ. ಅದರ ಜೋಡಿನೇ ಇರ್ಲಿ."

ನಾನು ಕೇಳಲಿಲ್ಲ. ನನಗೆ ಬೇಕಿದ್ದದ್ದು ನೀಲಿ ಮಾತ್ರ. ಕೋಣೆಗೆ ಬಂದು ಚಾಕುವಿನ ತುದಿಯಿಂದ ಉಂಡೆಯ ಬುಡಕ್ಕೆ ಮೀಟಿದೆ. ಮೊದಲನೆಯದು ಪಟ್ಟನೆ ಸಿಡಿದು ಸೂಜಿಗಳಾಗಿ ಉದುರಿತು. ಎರಡನೆಯದು ಅರ್ಧ ಉಳಿಯಿತು. ಆ ಅರ್ಧ ಉಂಡೆ ಈಗಲೂ ನನ್ನ ಹತ್ತಿರ ಒಂದು ಸಣ್ಣ ಶೀಷೆಯಲ್ಲಿದೆ. ಅದು ಯಾವುದರ ಮೇಲೆ ಕೂತಿತ್ತು, ಪಕ್ಕದಲ್ಲಿ ಏನಿತ್ತು, ಮೊದಲು ಯಾವುದು ಬೆಳೆಯಿತು, ಯಾವುದೂ ಅದರಿಂದ ಈಗ ತಿಳಿಯುವುದಿಲ್ಲ. ಯಾವ ಕ್ವಾರಿ ಅಂತಲೂ ಬರೆದಿಡಲಿಲ್ಲ. ಕೊಟ್ಟವರ ಹೆಸರನ್ನೂ ಕೇಳಲಿಲ್ಲ. ಆ ಕಲ್ಲನ್ನು ಕ್ರಷರ್‌ಗೆ ಹೋಗದಂತೆ ಎತ್ತಿಟ್ಟವರು ಅವರು. ಜಗತ್ತಿನ ಸಂಗ್ರಹಾಲಯಗಳಲ್ಲಿ ಗಾಜಿನ ಹಿಂದೆ ಇರುವ ಪ್ರತಿಯೊಂದು ವಾಘೋಲಿ ಕ್ಯಾವನ್ಸೈಟನ್ನೂ ಹೀಗೆ ಯಾರೋ ಕೆಲಸಗಾರ ಕೈ ತಡೆದು ಎತ್ತಿಟ್ಟಿದ್ದಾನೆ. ಲೇಬಲ್ ಮೇಲೆ ಅವನ ಹೆಸರು ಇರುವುದಿಲ್ಲ. ಇದು ನನಗೆ ಇವತ್ತಿಗೂ ಚುಚ್ಚುತ್ತದೆ.

ಕರಿಕಲ್ಲು ಒಡೆದಾಗಲೆಲ್ಲಾ ಹೀಗೆ ಹರಳು ಕಂಡಿವೆ. ಮುಂಬೈ-ಪುಣೆ ನಡುವೆ ಭೋರ್ ಘಾಟ್‌ನ ರೈಲುದಾರಿ 1863ರಲ್ಲಿ ತೆರೆಯಿತು. ಆ ಬೆಟ್ಟ ಕಡಿಯುವಾಗ ಸಿಕ್ಕ ಝಿಯೊಲೈಟ್ ಹರಳುಗಳು ಯುರೋಪಿಗೆ ಹೋದವು. ರೈಲು ಬೇಕಿತ್ತು, ಹರಳು ಸಿಕ್ಕಿತು. ಜಲ್ಲಿ ಬೇಕಿತ್ತು, ಕ್ಯಾವನ್ಸೈಟ್ ಸಿಕ್ಕಿತು. ಈಗ ನೋಡಬೇಕು ಅನ್ನುವವರು ನಾಸಿಕ್ ಹತ್ತಿರ ಸಿನ್ನರ್‌ನಲ್ಲಿರುವ ಗಾರಗೋಟಿ ಸಂಗ್ರಹಾಲಯಕ್ಕೆ ಹೋಗಿ. ಶಿರಡಿಗೆ ಹೋಗುವವರು ಆ ಕಡೆ ಒಂದು ಸುತ್ತು ಹಾಕಬಹುದು. ದಖನ್ ಕಲ್ಲಿನ ಹರಳುಗಳನ್ನು ಅಷ್ಟು ಚೆನ್ನಾಗಿ ಒಂದೇ ಕಡೆ ಇಟ್ಟ ಜಾಗ ಅಪರೂಪ.

ಕೊಳ್ಳುವವರಿಗೆ, ಇಟ್ಟುಕೊಳ್ಳುವವರಿಗೆ ಒಂದಷ್ಟು ಮಾತು. ಇದು ಮೆತ್ತಗಿನ ಹರಳು. ಗಡಸುತನದ ಅಳತೆಯಲ್ಲಿ 3ರಿಂದ 4. ಚಾಕು ತಾಗಿದರೆ ಗೀರು ಬೀಳುತ್ತದೆ. ಉಂಗುರಕ್ಕೆ ಹಾಕಿಸಬಹುದಾ ಅಂತ ಒಬ್ಬ ತಾಯಿ ಕೇಳಿದರು. ಬೇಡ ಯವ್ವಾ, ಪಾತ್ರೆ ತಿಕ್ಕಿದ ಮೊದಲ ದಿನವೇ ಉದುರಿಹೋಗುತ್ತದೆ. ಧೂಳು ಕೂತರೆ ಮೆತ್ತಗಿನ ಬ್ರಷ್‌ನಲ್ಲಿ ಮೆಲ್ಲಗೆ ಒರೆಸಿ, ತೀರಾ ಬೇಕಾದರೆ ತಣ್ಣೀರು. ಆಮ್ಲ, ಬಿಸಿ, ಆಭರಣದ ಅಂಗಡಿಯವರು ನಡುಗಿಸಿ ತೊಳೆಯುವ ಮಷೀನ್ ಯಾವುದೂ ಬೇಡ. ಹರಳು ಹಾಕಿದ ನೀರು ಕುಡಿದರೆ ಒಳ್ಳೆಯದು ಅಂತ ಕೆಲವರು ಹೇಳುತ್ತಾರೆ. ದಯವಿಟ್ಟು ಮಾಡಬೇಡಿ. ಇದರಲ್ಲಿ ವನೇಡಿಯಂ ಇದೆ, ಅದು ಹೊಟ್ಟೆಗೆ ಹೋಗುವ ವಸ್ತು ಅಲ್ಲ.

ಇನ್ನೊಂದು ಮೋಸ ಇದೆ. ಬಿಡಿಯಾಗಿ ಉದುರಿದ ನೀಲಿ ಉಂಡೆಯನ್ನು ಚೆಂದದ ಬಿಳಿ ಹರಳಿನ ಮೇಲೆ ಅಂಟಿಸಿ ಮಾರುತ್ತಾರೆ. ಬಿಳಿಯ ಜೊತೆ ಇದ್ದರೆ ಬೆಲೆ ಜಾಸ್ತಿ ಅಲ್ವಾ, ಅದಕ್ಕೆ. ಸಿಂದಗಿಯ ಆ ಮನುಷ್ಯ ನನಗೆ ಹೇಳಿದ್ದು ಆಗ ಅರ್ಥ ಆಗಿರಲಿಲ್ಲ. ಭೂತಗನ್ನಡಿಯಲ್ಲಿ ಉಂಡೆಯ ಬುಡ ನೋಡಿ. ನಿಜವಾಗಿ ಬೆಳೆದದ್ದಾದರೆ ಸೂಜಿಗಳ ಬುಡಕ್ಕೂ ಬಿಳಿ ಹರಳಿಗೂ ನಡುವೆ ಏನೂ ಇರುವುದಿಲ್ಲ. ಅಂಟಿಸಿದ್ದಾದರೆ ಗೋಂದಿನ ಹೊಳಪು ಗೆರೆಯಾಗಿ ಕಾಣುತ್ತದೆ. ನೋಟು ಪರೀಕ್ಷಿಸುವ ನೇರಳೆ ಟಾರ್ಚ್ ಬಿಟ್ಟರೆ ಎಷ್ಟೋ ಸಲ ಗೋಂದು ಬೆಳ್ಳಗೆ ಮಿನುಗುತ್ತದೆ.

ಕ್ವಾರಿಗೆ ಹೋಗುವ ಆಸೆ ಇದ್ದರೆ ಮಾಲೀಕರ ಒಪ್ಪಿಗೆ ಪಡೆದು ಹೋಗಿ. ಮದ್ದು ಹಾಕುವ ಹೊತ್ತು ಕೇಳಿಕೊಳ್ಳಿ. ತಲೆಗೆ ಹೆಲ್ಮೆಟ್, ಕಣ್ಣಿಗೆ ಕನ್ನಡಕ ಇರಲಿ. ನಿಂತ ಗೋಡೆಯ ಬುಡಕ್ಕೆ ಹೋಗಬೇಡಿ, ಬಿದ್ದ ರಾಶಿಯಲ್ಲೇ ಹುಡುಕಿ. ಮತ್ತೆ ಕಲ್ಲು ಕೈಗೆ ಬಂದ ಗಳಿಗೆಯಲ್ಲೇ ಚೀಟಿ ಬರೆಯಿರಿ. ಊರು, ಜಾಗ, ಆಳ, ತಾರೀಖು, ಕೊಟ್ಟವರ ಹೆಸರು. ಮನೆಗೆ ಹೋಗಿ ಬರೆಯೋಣ ಅಂದರೆ ಮರೆತುಹೋಗುತ್ತದೆ. ನನ್ನ ಶೀಷೆಯಲ್ಲಿರುವ ಅರ್ಧ ಉಂಡೆಗೆ ವಿಳಾಸ ಇಲ್ಲ.

ಕೊನೆಯಲ್ಲಿ ಮಕ್ಕಳು ಕೇಳಿದ್ದು ನಾನು ಕಾಯುತ್ತಿದ್ದ ಪ್ರಶ್ನೆಯೇ. "ನಮ್ಮ ಕಡೆ ಸಿಗ್ತದೇನ್ರೀ ಸರ?" ನಮ್ಮ ಕಡೆಯ ಕರಿಕಲ್ಲಿನಲ್ಲಿ ನಾನು ಈ ನೀಲಿ ಕಂಡಿಲ್ಲ. ಬಿಳಿ ಕಂಡಿದ್ದೇನೆ, ಬೇಕಾದಷ್ಟು. ಪೊಟರೆ ಇರುವ ಕಲ್ಲು ಒಡೆದರೆ ಎಷ್ಟೋ ಸಲ ಝಿಯೊಲೈಟ್ ಸಿಗುತ್ತದೆ, ಸಣ್ಣದಾದರೂ.

ಐದು ಮತ್ತು ಆರರ ಪ್ರಶ್ನೆ ಕೇಳಿದ್ದ ಆ ಹುಡುಗಿ ಇಷ್ಟು ಕೇಳಿ ಎದ್ದು ಹೊರಗೆ ಓಡಿದಳು. ಹತ್ತು ನಿಮಿಷಕ್ಕೆ ಮನೆಯಿಂದ ಒಂದು ಕಲ್ಲು ಹಿಡಿದು ಬಂದಳು. ಬಾವಿ ತೋಡಿದಾಗ ಬಂದದ್ದಂತೆ. ಬಾಗಿಲು ಗಾಳಿಗೆ ಬಡಿಯದಂತೆ ಅಡ್ಡ ಇಡಲು ಬಳಸುತ್ತಿದ್ದರಂತೆ. ಒಂದು ಮೂಲೆಯಲ್ಲಿ ಹೆಬ್ಬೆರಳು ಹಿಡಿಯುವಷ್ಟು ಪೊಟರೆ, ಅದರ ತುಂಬಾ ಬಿಳಿ ಹರಳು. ಭೂತಗನ್ನಡಿಯಲ್ಲಿ ನೋಡಿದೆ. ಚೆಂದದ ಸ್ಟಿಲ್ಬೈಟ್ ಸಿವುಡುಗಳು, ನಾಲ್ಕೈದು. ನೀಲಿ ಇಲ್ಲ. ಅವಳೂ ನೋಡಿದಳು, ಬೇಜಾರಾದಂತೆ ಕಾಣಲಿಲ್ಲ.

ಚೀಟಿ ಬರಿ ಅಂದೆ. ನೋಟ್‌ಬುಕ್ಕಿನ ಹಾಳೆ ಹರಿದು ಊರಿನ ಹೆಸರು ಬರೆದಳು. 'ಬಾವಿ, 40 ಅಡಿ' ಅಂತ ಬರೆಯುವಷ್ಟರಲ್ಲಿ ಮೈಲುತುತ್ತ ಅಂದಿದ್ದ ಅಜ್ಜ ಹಿಂದಿನಿಂದ ತಡೆದರು. ಅವಳ ತಾತ ಅವರೇ. ಬಾವಿ ತೋಡಿಸಿದ್ದೂ ಅವರೇ.

"ನಲವತ್ತಲ್ಲವ್ವಾ, ನಲವತ್ತೆರಡು. ಮೊದಲ ಹತ್ತಡಿ ಎರಿ ಅಂತ ಬರಿ. ಅದರ ಕೆಳಗ ಗರಸು. ಆಮ್ಯಾಲ ಕರಿಕಲ್ಲು. ನಡುವ ಒಂದು ಮೊಳ ಕೆಂಪು ಮಣ್ಣು ಬಂದಿತ್ತು, ಅದನ್ನೂ ಬರಿ. ಈ ಕಲ್ಲು ಆ ಕೆಂಪಿನ ಕೆಳಗಿಂದು."

ಕೆಂಪು ಮಣ್ಣಿನ ಪಟ್ಟಿ ಅಂದರೆ ಒಂದು ಲಾವಾ ಪದರ ಮುಗಿದು ಇನ್ನೊಂದು ಬರುವ ಮುಂಚಿನ ನೆಲ. ಅದರ ಸರಿ ಕೆಳಗೇ ಹಳೇ ಪದರದ ಮೇಲ್ಭಾಗ, ದೋಸೆಯ ತೂತುಗಳಿರುವ ಜಾಗ. ಹುಡುಗಿ ಎಲ್ಲಾ ಬರೆದುಕೊಂಡಳು. ಹಾಳೆ ಸಾಲಲಿಲ್ಲ, ಹಿಂದೆ ತಿರುಗಿಸಿ ಬರೆದಳು.